ಒಂದು ಪದದ ಹಣೆಬರಹ: ಠಕ್ಕನಿಂದ ‘ಥಗ್’ವರೆಗೆ

ಕನ್ನಡದ ಮಕ್ಕಳ ಕಥೆಗಳಲ್ಲಿ ನರಿ ಠಕ್ಕ. ಕಾಗೆಯ ದನಿಯನ್ನು ಹೊಗಳಿ ಹೊಗಳಿ ಅದರ ಬಾಯಲ್ಲಿದ್ದ ತಿಂಡಿಯನ್ನು ಕೆಳಗೆ ಬೀಳಿಸಿಕೊಂಡು ಹೋಗುವವನು ಠಕ್ಕ. ಸವಿಮಾತಾಡಿ ಮೋಸ ಮಾಡುವವನು, ವೇಷ ಹಾಕಿ ನಂಬಿಸುವವನು ಠಕ್ಕ. ಠಕ್ಕನ ಬಗ್ಗೆ ಎಚ್ಚರದಿಂದಿರಬೇಕೆಂದು ಅಜ್ಜಿ ಹೇಳುತ್ತಾಳೆ. ಆದರೆ ಆ ಪದ ಕೇಳಿ ಯಾವ ಮಗುವೂ ಬೆಚ್ಚಿಬೀಳುವುದಿಲ್ಲ. ಎಷ್ಟೋ ಸಲ ನಕ್ಕುಬಿಡುತ್ತದೆ.

ಇದೇ ಪದದ ಒಡಹುಟ್ಟೊಂದು ಇಂಗ್ಲಿಷಿನಲ್ಲಿದೆ. ಅದು ‘ಥಗ್’. ಅಲ್ಲಿ ಅದರ ಅರ್ಥ ಮೋಸಗಾರ ಎಂದಲ್ಲ. ಕರುಣೆ ಎಂಬುದನ್ನೇ ಅರಿಯದ, ಹೊಡಿ ಬಡಿ ಕೊಲ್ಲು ಎಂಬುದೇ ಸ್ವಭಾವವಾಗಿಬಿಟ್ಟ, ಮಾತಿಗೆ ಬಗ್ಗದ ದುಷ್ಟ ಎಂದರ್ಥ. ಇಂಗ್ಲಿಷ್ ಪತ್ರಿಕೆಗಳಲ್ಲಿ ಈ ಪದ ಕಂಡಾಗ ನಮ್ಮ ಕನ್ನಡ ಪತ್ರಿಕೆಗಳು ಅದನ್ನು ‘ಠಕ್ಕ’ ಎಂದು ಅನುವಾದಿಸುವುದಿಲ್ಲ, ‘ಗೂಂಡಾ’ ಎನ್ನುತ್ತವೆ. ಅಂದರೆ ನಮ್ಮ ಮನೆಯಿಂದ ಹೋದ ಪದ ಮರಳಿ ಬಂದಾಗ ನಮಗೇ ಗುರುತು ಸಿಗಲಿಲ್ಲ.

ಪದಗಳ ಅರ್ಥ ಬದಲಾಗುವುದು ಹೊಸದೇನಲ್ಲ. ಆದರೆ ಮೋಸ ಎಂಬ ಅರ್ಥದಿಂದ ನಿರ್ದಯತೆ ಎಂಬ ಅರ್ಥಕ್ಕೆ ಈ ಪದ ನಡೆದುಹೋದದ್ದು ತಾನಾಗಿಯೇ ಅಲ್ಲ. ಅದರ ಹಿಂದೆ ಒಂದು ಸರಕಾರವಿತ್ತು, ಒಂದು ಇಲಾಖೆಯಿತ್ತು, ಒಂದು ಕಾಯ್ದೆಯಿತ್ತು. ಒಬ್ಬ ಮನುಷ್ಯ ಏನು ಮಾಡಿದ ಎಂದು ಕೇಳುವುದನ್ನು ಬಿಟ್ಟು ಅವನು ಯಾರಿಗೆ ಸೇರಿದವನು ಎಂದು ಕೇಳುವ ಅಭ್ಯಾಸ ನಮ್ಮ ಕಾನೂನಿನೊಳಗೆ ಹೇಗೆ ಬಂತು ಎಂಬುದು ಈ ಪದದ ಚರಿತ್ರೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆದ್ದರಿಂದ ಇದು ಭಾಷಾಶಾಸ್ತ್ರಜ್ಞರಿಗೆ ಬಿಟ್ಟುಕೊಡುವ ವಿಷಯವಲ್ಲ.

ಮೊದಲು ಅವನು ಬರೀ ಮೋಸಗಾರ

ಸಂಸ್ಕೃತದ ‘ಸ್ಥಗ್’ ಎಂಬ ಧಾತುವಿಗೆ ಮುಚ್ಚು, ಮರೆಮಾಡು ಎಂಬ ಅರ್ಥವಿದೆ. ಅದರಿಂದ ಮೋಸಗಾರನಿಗೆ ‘ಸ್ಥಗ’ ಎಂಬ ಹೆಸರಾಯಿತು. ಪ್ರಾಕೃತದ ಮೂಲಕ ಅದು ಹಿಂದಿ, ಉರ್ದು, ಮರಾಠಿಗಳಲ್ಲಿ ‘ಠಗ್’ ಆಯಿತು, ಕನ್ನಡದಲ್ಲಿ ‘ಠಕ್ಕ’ ಆಯಿತು. ಕಬೀರರು ಮಾಯೆಯನ್ನೇ ‘ಠಗಿನಿ’ ಎಂದು ಕರೆದರು. ಮನುಷ್ಯನನ್ನು ಮರುಳು ಮಾಡುವವಳು ಎಂಬ ಅರ್ಥದಲ್ಲೇ ಹೊರತು, ಕತ್ತು ಹಿಸುಕುವವಳು ಎಂದಲ್ಲ.

ಇತಿಹಾಸದ ಪುಟಗಳಲ್ಲಿ ಈ ಪದ ಕಾಣಿಸುವ ಹಳೆಯ ಪ್ರಸಂಗಗಳಲ್ಲಿ ಒಂದು ದೆಹಲಿಯದು. 1290ರಿಂದ 1296ರವರೆಗೆ ಆಳಿದ ಸುಲ್ತಾನ ಜಲಾಲುದ್ದೀನ್ ಖಿಲ್ಜಿಯ ಕಾಲದಲ್ಲಿ ನಗರದಲ್ಲಿ ಕೆಲವು ಠಗ್ಗರು ಸಿಕ್ಕಿಬಿದ್ದರು. ಅವರದೇ ಗುಂಪಿನವನೊಬ್ಬ ಸುಳಿವು ಕೊಟ್ಟದ್ದರಿಂದ ಸುಮಾರು ಸಾವಿರ ಜನರನ್ನು ಹಿಡಿಯಲಾಯಿತು. ಸುಲ್ತಾನ ಅವರಲ್ಲಿ ಒಬ್ಬನನ್ನೂ ಕೊಲ್ಲಿಸಲಿಲ್ಲ. ಎಲ್ಲರನ್ನೂ ದೋಣಿಗಳಲ್ಲಿ ತುಂಬಿಸಿ ಬಂಗಾಳದ ಲಖ್ನೌತಿಯ ಕಡೆಗೆ ಕಳುಹಿಸಿ ಅಲ್ಲಿ ಬಿಟ್ಟುಬಿಡಲು ಹೇಳಿದ. ಮುಂದಿನ ಶತಮಾನದಲ್ಲಿ ತನ್ನ ಚರಿತ್ರೆಯನ್ನು ಬರೆದ ಜಿಯಾವುದ್ದೀನ್ ಬರನಿ ಇದನ್ನು ಸುಲ್ತಾನನ ಮೆದು ಸ್ವಭಾವಕ್ಕೆ ಉದಾಹರಣೆಯಾಗಿ ಹೇಳುತ್ತಾನೆ.

ಇದನ್ನು ಮಹಾ ಕರುಣೆ ಎಂದು ಹೊಗಳಬೇಕಾಗಿಲ್ಲ. ದೆಹಲಿಯ ತಲೆನೋವನ್ನು ಬಂಗಾಳದ ತಲೆಗೆ ಕಟ್ಟಿದ ಹಾಗೂ ಆಯಿತು. ಆದರೆ ಇಲ್ಲೊಂದು ಸಂಗತಿ ಗಮನಿಸಬೇಕು. ಆ ಸಾವಿರ ಜನ ಕೊಲೆಗಾರರೆಂದು ಬರನಿ ಹೇಳುವುದಿಲ್ಲ. ಕಳ್ಳರು, ವಂಚಕರು ಎಂಬ ಅರ್ಥವೇ ಅಲ್ಲಿ ಸಾಕು. ಅಂಥವರಿಗೆ ಅಂದಿನ ದೊರೆಗೆ ತೋಚಿದ ಶಿಕ್ಷೆ ಊರು ಬಿಡಿಸುವುದು.

ಶ್ರೀರಂಗಪಟ್ಟಣ ಬಿದ್ದ ಮೇಲೆ

ಬ್ರಿಟಿಷರಿಗೆ ಈ ಗುಂಪುಗಳ ಪರಿಚಯವಾದದ್ದು ನಮ್ಮ ನೆಲದಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಹುತಾತ್ಮರಾದ ಸ್ವಲ್ಪ ಕಾಲದಲ್ಲೇ ಬೆಂಗಳೂರಿನ ಸುತ್ತಮುತ್ತ ಸುಮಾರು ನೂರು ಜನರನ್ನು ಹಿಡಿಯಲಾಯಿತು. ದಾರಿಹೋಕರ ಸಂಗಡ ಸೇರಿಕೊಂಡು, ವಿಶ್ವಾಸ ಗಳಿಸಿ, ನಿರ್ಜನ ಜಾಗದಲ್ಲಿ ಕುತ್ತಿಗೆಗೆ ಕುಣಿಕೆ ಬಿಗಿದು ಕೊಂದು ದೋಚುತ್ತಾರೆ ಎಂಬುದು ಇಂಥವರ ಮೇಲಿನ ಆರೋಪ. 1807ರ ಹೊತ್ತಿಗೆ ಚಿತ್ತೂರಿನಲ್ಲಿ ಇನ್ನಷ್ಟು ಜನ ಸಿಕ್ಕಿಬಿದ್ದರು.

ದಕ್ಷಿಣದಲ್ಲಿ ಆಗ ಅವರಿಗೆ ‘ಠಗ್’ ಎಂಬ ಹೆಸರಿರಲಿಲ್ಲ. ‘ಫಾಸಿಗಾರ’ ಎನ್ನುತ್ತಿದ್ದರು. ಉತ್ತರ ಕರ್ನಾಟಕದವರಿಗೆ ‘ಫಾಶಿ’ ಎಂದರೆ ಗಲ್ಲು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮದ್ರಾಸಿನಲ್ಲಿದ್ದ ಶೆರ್ವುಡ್ ಎಂಬ ವೈದ್ಯ 1816ರಲ್ಲಿ ಬರೆದ ಲೇಖನದಲ್ಲಿ ದಕ್ಷಿಣದ ಭಾಷೆಗಳಲ್ಲಿ ಇವರಿಗಿದ್ದ ಹೆಸರುಗಳನ್ನು ಕೊಡುತ್ತಾನೆ. ಕನ್ನಡದಲ್ಲಿ ‘ತಂತಿ ಕಳ್ಳರು’. ತಂತಿಯ ಕುಣಿಕೆ ಬಳಸುವ ಕಳ್ಳರು ಎಂದರ್ಥ. ತೆಲುಗಿನ ಹೆಸರೂ ಕುಣಿಕೆಗೆ ಸಂಬಂಧಿಸಿದ್ದು. ತಮಿಳಿನ ಹೆಸರು ಮಾತ್ರ ಬೇರೆ ದಾರಿ ಹಿಡಿಯುತ್ತದೆ. ಅಲ್ಲಿ ಅವರು ‘ಅರಿ ತುಲುಕ್ಕರ್’, ಅಂದರೆ ಕುಣಿಕೆ ಹಾಕುವ ಮುಸಲ್ಮಾನರು. ಕನ್ನಡದ ಹೆಸರು ಕೃತ್ಯವನ್ನು ಹೇಳುತ್ತದೆ, ತಮಿಳಿನ ಹೆಸರು ಕೃತ್ಯದ ಜೊತೆ ಒಂದು ಸಮುದಾಯವನ್ನೂ ಎಳೆದು ತರುತ್ತದೆ. ವಾಸ್ತವದಲ್ಲಿ ಈ ಗುಂಪುಗಳಲ್ಲಿ ಹಿಂದೂಗಳೂ ಇದ್ದರು, ಮುಸಲ್ಮಾನರೂ ಇದ್ದರು, ಬ್ರಾಹ್ಮಣರೂ ಇದ್ದರು.

ಕೊಲೆಗಳು ಸುಳ್ಳಲ್ಲ. ಉತ್ತರದ ಇಟಾವಾದಲ್ಲಿ ಬಾವಿಗಳಿಂದ ಹೆಣಗಳನ್ನು ಮೇಲೆತ್ತಲಾಯಿತು. ರಜೆಯ ಮೇಲೆ ಊರಿಗೆ ಹೊರಟ ಸಿಪಾಯಿಗಳು ಸಂಬಳದ ಹಣದೊಂದಿಗೆ ಕಾಣೆಯಾಗುತ್ತಿದ್ದರು. ದಾರಿಯಲ್ಲಿ ಅಪರಿಚಿತರ ಸಂಗಡ ಸೇರಬೇಡಿ ಎಂದು 1810ರಲ್ಲಿ ಸೇನೆಯೇ ಎಚ್ಚರಿಕೆ ಕೊಡಬೇಕಾಯಿತು. ಸತ್ತವರಿಗೂ ಹೆಂಡತಿ ಮಕ್ಕಳಿದ್ದರು, ಅವರು ಬಾಗಿಲಲ್ಲಿ ಕಾದು ಕುಳಿತಿದ್ದರು. ಠಗ್ಗರೆಂಬವರೇ ಇರಲಿಲ್ಲ, ಎಲ್ಲವೂ ಬಿಳಿಯರ ಕಟ್ಟುಕಥೆ ಎಂದು ವಾದಿಸುವವರು ಈ ಸತ್ತವರನ್ನು ಮರೆಯುತ್ತಾರೆ. 2007ರಲ್ಲಿ ಪ್ರಕಟವಾದ ಕಿಮ್ ವ್ಯಾಗ್ನರ್ ಅವರ ಅಧ್ಯಯನ ಈ ಎರಡು ಅತಿಗಳನ್ನೂ ಒಪ್ಪುವುದಿಲ್ಲ. ದರೋಡೆಯ ಗುಂಪುಗಳಿದ್ದವು. ಕೆಲಸ ಕಳೆದುಕೊಂಡ ಸೈನಿಕರು, ಬರದಲ್ಲಿ ನೊಂದ ರೈತರು ಅವುಗಳಲ್ಲಿದ್ದರು. ಪಾಲು ಪಡೆದು ರಕ್ಷಣೆ ಕೊಡುವ ಜಮೀನುದಾರರೂ ಪಾಳೆಗಾರರೂ ಇದ್ದರು. ಪ್ರಶ್ನೆ ಇರುವುದು ಅವರು ಇದ್ದರೇ ಎಂಬುದರಲ್ಲಲ್ಲ, ಅವರನ್ನು ಏನೆಂದು ಕರೆಯಲಾಯಿತು ಎಂಬುದರಲ್ಲಿ.

ಕಳ್ಳರ ಗುಂಪು ‘ಪಂಥ’ವಾದದ್ದು

1830ರಲ್ಲಿ ಕಲ್ಕತ್ತಾದ ಪತ್ರಿಕೆಯೊಂದರಲ್ಲಿ ಹೆಸರಿಲ್ಲದ ಒಂದು ಪತ್ರ ಪ್ರಕಟವಾಯಿತು. ವಿಂಧ್ಯಾಚಲದ ದೇವಿಯ ಗುಡಿಯೇ ಠಗ್ಗರ ಕೇಂದ್ರ, ಅವರು ದೇಶದ ತುಂಬ ಹರಡಿದ್ದಾರೆ, ಕೊಲೆ ಅವರಿಗೆ ಧರ್ಮ ಎಂಬುದು ಅದರ ಸಾರ. ಬರೆದವನು ವಿಲಿಯಂ ಸ್ಲೀಮನ್. ಮಧ್ಯಭಾರತದಲ್ಲಿ ಠಗ್ಗರನ್ನು ಹಿಡಿಯುವ ಹೊಣೆ ಅವನಿಗೇ ಬಂತು. ಮುಂದೆ ಅದಕ್ಕಾಗಿ ಒಂದು ಇಲಾಖೆಯೇ ಹುಟ್ಟಿಕೊಂಡಿತು.

ಸ್ಲೀಮನ್ ಶ್ರಮಜೀವಿ, ಭಾಷೆಗಳನ್ನು ಬಲ್ಲವನು. ಅವನ ವಿಧಾನ ಮಾಫಿಸಾಕ್ಷಿಯದು. ಸಿಕ್ಕಿಬಿದ್ದವನಿಗೆ ಗಲ್ಲು ತಪ್ಪಿಸುತ್ತೇನೆ, ನಿನ್ನ ಸಂಗಾತಿಗಳ ಹೆಸರು ಹೇಳು ಎಂಬುದೇ ಅದರ ತಿರುಳು. ಏನನ್ನಾದರೂ ಮುಚ್ಚಿಟ್ಟರೆ ಕ್ಷಮೆ ರದ್ದು. ಜೀವ ಉಳಿಯಬೇಕಾದರೆ ಹೆಸರುಗಳು ಬರುತ್ತಲೇ ಇರಬೇಕು ಎಂಬ ಸ್ಥಿತಿಯಲ್ಲಿರುವವನ ನೆನಪು ಎಷ್ಟು ಫಲವತ್ತಾಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಒಬ್ಬ ಮಾಫಿಸಾಕ್ಷಿ ಹೇಳಿದ್ದನ್ನು ಇನ್ನೊಬ್ಬನ ಮಾತಿಗೆ ತಾಳೆ ನೋಡಲಾಗುತ್ತಿತ್ತು, ನೆಲ ಅಗೆದು ಹೆಣಗಳನ್ನು ಹುಡುಕಲಾಗುತ್ತಿತ್ತು ಎಂಬುದೂ ನಿಜ. ಆದರೆ ಹೆಣ ಸಿಕ್ಕರೆ ಕೊಲೆ ನಡೆದದ್ದು ಸಾಬೀತಾಗುತ್ತದೆ. ಆ ಕೊಲೆಯಲ್ಲಿ ಯಾರು ಯಾರಿದ್ದರು ಎಂಬುದಕ್ಕೆ ಮಾಫಿಸಾಕ್ಷಿಯ ನಾಲಿಗೆಯೇ ಆಧಾರ.

1836ರಲ್ಲಿ ಸ್ಲೀಮನ್ ‘ರಾಮಸೀಆನಾ’ ಎಂಬ ಪುಸ್ತಕ ಹೊರತಂದ. ಠಗ್ಗರ ಗುಪ್ತ ಭಾಷೆಯ ಶಬ್ದಕೋಶ ಅದರ ಮುಖ್ಯ ಭಾಗ. ದನದ ಜಾತ್ರೆಯ ದಲ್ಲಾಳಿಗಳು ಟವೆಲ್ಲಿನಡಿ ಬೆರಳು ಹಿಡಿದು ಬೆಲೆ ಮಾತಾಡುವಂತೆ ಪ್ರತಿ ಕಸುಬಿಗೂ ಒಂದು ಗುಟ್ಟಿನ ನುಡಿ ಇದ್ದೇ ಇರುತ್ತದೆ. ಆದರೆ ಈ ಪುಸ್ತಕದಿಂದಾಗಿ ಠಗ್ಗರಿಗೆ ತಮ್ಮದೇ ಭಾಷೆ, ತಮ್ಮದೇ ದೇವತೆ, ತಮ್ಮದೇ ಶಕುನಶಾಸ್ತ್ರ, ಅಪ್ಪನಿಂದ ಮಗನಿಗೆ ಇಳಿಯುವ ಕಸುಬು ಎಲ್ಲವೂ ಇವೆ ಎಂದಾಯಿತು. ಕಳ್ಳರ ಗುಂಪು ಒಂದು ಪಂಥವಾಯಿತು, ಪಂಥ ಒಂದು ಕುಲವಾಯಿತು. ಮುಸಲ್ಮಾನ ಠಗ್ಗರು ಭವಾನಿಗೆ ನಡೆದುಕೊಳ್ಳುತ್ತಾರೆ ಎಂಬುದು ಬ್ರಿಟಿಷರಿಗೆ ವಿಚಿತ್ರವಾಗಿ ಕಂಡಿತು. ಊರ ಅಮ್ಮನ ಜಾತ್ರೆಗೆ ಸಾಬರೂ, ದರ್ಗಾದ ಉರುಸಿಗೆ ಗೌಡರೂ ಹೋಗುವ ನಾಡಿನವರಿಗೆ ಅದು ವಿಚಿತ್ರವೇನಲ್ಲ. ಹೊಲ ಉಳುವವನೂ ದೇವಿಗೆ ಕೈಮುಗಿದೇ ನೇಗಿಲು ಹೂಡುತ್ತಾನೆ, ಕಳ್ಳನೂ ಕೈಮುಗಿದೇ ಹೊರಡುತ್ತಾನೆ. ಅದರಿಂದ ಕಳ್ಳತನ ಧರ್ಮವಾಗುವುದಿಲ್ಲ.

ಬ್ರಿಟಿಷರ ಲೆಕ್ಕದಂತೆ 1831ರಿಂದ 1837ರವರೆಗೆ 3,266 ಜನರನ್ನು ಹಿಡಿಯಲಾಯಿತು. 412 ಜನರನ್ನು ಗಲ್ಲಿಗೇರಿಸಲಾಯಿತು, 483 ಜನ ಸರಕಾರದ ಸಾಕ್ಷಿಗಳಾದರು. ಉಳಿದವರಿಗೆ ಗಡಿಪಾರು ಅಥವಾ ಜೀವಾವಧಿ ಸೆರೆ. ಇಲ್ಲಿ ಕುಣಿಕೆ ಎರಡು ಕಡೆಯೂ ಇದೆ. ‘ಫಾಸಿಗಾರ’ ಎಂಬ ಪದ ಕುಣಿಕೆ ಹಾಕುವ ದರೋಡೆಕೋರನಿಗೂ ಸಲ್ಲುತ್ತದೆ, ಗಲ್ಲು ಹಾಕುವವನಿಗೂ ಸಲ್ಲುತ್ತದೆ.

ಫತ್ವಾ ಬೇಡವೆಂದ ಕಾಯ್ದೆ

ಈ ಚರಿತ್ರೆಯಲ್ಲಿ ನಮ್ಮ ಓದುಗರು ವಿಶೇಷವಾಗಿ ತಿಳಿಯಬೇಕಾದ ಒಂದು ಅಧ್ಯಾಯವಿದೆ. ಬಂಗಾಳದ ದಿವಾನಿ ಕೈಗೆ ಬಂದ ಮೇಲೂ ಕಂಪನಿಯ ಕ್ರಿಮಿನಲ್ ನ್ಯಾಯಾಲಯಗಳು ಬಹುಕಾಲ ಇಸ್ಲಾಮೀ ದಂಡನೀತಿಯನ್ನೇ ಅನುಸರಿಸುತ್ತಿದ್ದವು. ನ್ಯಾಯಾಲಯದಲ್ಲಿ ಖಾಝಿ, ಮುಫ್ತಿಗಳು ಇರುತ್ತಿದ್ದರು. ಅವರು ಸಾಕ್ಷ್ಯಗಳನ್ನು ಪರಿಶೀಲಿಸಿ ಫತ್ವಾ ಕೊಟ್ಟ ನಂತರವೇ ಶಿಕ್ಷೆ.

ಇಸ್ಲಾಮೀ ಕಾನೂನು ಎಂದೊಡನೆ ಕೈ ಕಡಿಯುವುದು, ತಲೆ ಕಡಿಯುವುದು ಎಂದು ಇಂದಿನ ಟೀವಿ ಚರ್ಚೆಗಳಲ್ಲಿ ಅಬ್ಬರಿಸುವವರಿಗೆ ಅಚ್ಚರಿಯಾಗಬಹುದು. ಕಂಪನಿಯ ಗವರ್ನರ್ ವಾರನ್ ಹೇಸ್ಟಿಂಗ್ಸ್‌ನ ದೂರು ಇದಕ್ಕೆ ತದ್ವಿರುದ್ಧವಾಗಿತ್ತು. ಈ ಕಾನೂನು ತೀರಾ ಮೃದು, ರಕ್ತ ಹರಿಸಲು ಹಿಂಜರಿಯುತ್ತದೆ, ಇದರಿಂದ ರಾಜ್ಯಭಾರ ಸಾಗದು ಎಂದು ಅವನು 1773ರಲ್ಲಿ ವಾದಿಸಿದ. ಅದರ ಹಿಂದಿನ ವರ್ಷವೇ ಅವನ ಆಡಳಿತ ಒಂದು ಕಟ್ಟಳೆ ಹೊರಡಿಸಿತ್ತು. ಅದರಂತೆ ಡಕಾಯಿತನನ್ನು ಅವನ ಊರಲ್ಲೇ ಗಲ್ಲಿಗೇರಿಸಬೇಕು, ಊರಿಗೆ ದಂಡ ಹಾಕಬೇಕು, ಅವನ ಮನೆಮಂದಿಯನ್ನು ಸರಕಾರದ ಗುಲಾಮರನ್ನಾಗಿ ಮಾಡಬೇಕು. ಅಪ್ಪ ಮಾಡಿದ ತಪ್ಪಿಗೆ ಮಗು ಗುಲಾಮ. ಒಬ್ಬರ ಪಾಪದ ಹೊರೆಯನ್ನು ಇನ್ನೊಬ್ಬರು ಹೊರಬೇಕಾಗಿಲ್ಲ ಎಂದು ಕುರ್‌ಆನ್ ಮತ್ತೆ ಮತ್ತೆ ನೆನಪಿಸುವ ತತ್ವವನ್ನು ಓದಿ ಬೆಳೆದ ಖಾಝಿಗಳಿಗೆ ಇದು ಹೇಗೆ ಕಂಡಿರಬಹುದು?

ಹಳೆಯ ಪದ್ಧತಿಯಲ್ಲಿ ದೋಷಗಳಿರಲಿಲ್ಲ ಎಂದಲ್ಲ. ಮುಸಲ್ಮಾನನ ವಿರುದ್ಧ ಮುಸ್ಲಿಮೇತರರ ಸಾಕ್ಷ್ಯಕ್ಕೆ ಅಲ್ಲಿ ಬೆಲೆ ಇರಲಿಲ್ಲ. ಕೊಲೆಯಾದವನ ಬಂಧುಗಳು ಕ್ಷಮಿಸಿದರೆ ಕೊಲೆಗಾರನ ತಲೆ ಉಳಿಯುತ್ತಿತ್ತು, ಬಲಿಷ್ಠನು ಬಡವನಿಂದ ಆ ಕ್ಷಮೆಯನ್ನು ಕೊಂಡುಕೊಳ್ಳುವ ಸಾಧ್ಯತೆಯೂ ಇತ್ತು. ಕಾರ್ನ್‌ವಾಲಿಸ್ 1790ರ ದಶಕದ ಆರಂಭದಲ್ಲಿ ಇವನ್ನು ಬದಲಿಸಿದ. ಇದರಲ್ಲಿ ಒಳ್ಳೆಯದೂ ಇತ್ತು. ಆದರೆ ಒಂದು ವಿಷಯದಲ್ಲಿ ಆ ಪದ್ಧತಿ ಗಟ್ಟಿಯಾಗಿ ನಿಂತಿತ್ತು. ಅಪರಾಧದಲ್ಲಿ ಪಾಲುದಾರನಾದವನ ಮಾತನ್ನು ನಂಬಿ ಇನ್ನೊಬ್ಬನ ಪ್ರಾಣ ತೆಗೆಯುವುದಕ್ಕೆ ಅದು ಒಪ್ಪುತ್ತಿರಲಿಲ್ಲ. ಸಂಶಯವಿದ್ದಲ್ಲಿ ಕಠಿಣ ಶಿಕ್ಷೆಯನ್ನು ತಡೆಯಬೇಕೆಂಬುದು ಫಿಕ್ಹ್‌ನ ಹಳೆಯ ನಿಯಮ. ಸ್ಲೀಮನ್‌ನ ಇಡೀ ಕಟ್ಟಡ ನಿಂತಿದ್ದೇ ಮಾಫಿಸಾಕ್ಷಿಯ ಮೇಲೆ. ಆದ್ದರಿಂದ ಎರಡೂ ಒಟ್ಟಿಗೆ ಬಾಳುವಂತಿರಲಿಲ್ಲ.

1836ರ 30ನೇ ಕಾಯ್ದೆ ಈ ತೊಡಕನ್ನು ಕೆಲವೇ ಸಾಲುಗಳಲ್ಲಿ ಬಗೆಹರಿಸಿತು. ಠಗ್ಗರ ಯಾವುದೇ ಗುಂಪಿಗೆ, ಈ ಕಾಯ್ದೆ ಬರುವ ಮೊದಲಾಗಲಿ ನಂತರವಾಗಲಿ, ಕಂಪನಿಯ ಗಡಿಯ ಒಳಗಾಗಲಿ ಹೊರಗಾಗಲಿ, ಸೇರಿದ್ದನೆಂದು ಸಾಬೀತಾದವನಿಗೆ ಕಠಿಣ ದುಡಿಮೆಯೊಂದಿಗೆ ಜೀವಾವಧಿ ಸೆರೆ. ಇಂಥ ಮೊಕದ್ದಮೆಗಳಲ್ಲಿ ಯಾವ ನ್ಯಾಯಾಲಯವೂ ಫತ್ವಾ ಕೇಳಬೇಕಾಗಿಲ್ಲ. ರಾಧಿಕಾ ಸಿಂಘಾ ಅವರು ಕಂಪನಿ ಕಾಲದ ಕಾನೂನಿನ ಬಗ್ಗೆ 1998ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಕಾಯ್ದೆಯ ಒಳಸುಳಿಗಳನ್ನು ವಿವರವಾಗಿ ಬಿಡಿಸಿದ್ದಾರೆ.

ಕಾಯ್ದೆಯ ಮಾತುಗಳನ್ನು ಮತ್ತೊಮ್ಮೆ ನೋಡಿ. ಯಾರನ್ನು ಕೊಂದ, ಎಲ್ಲಿ ಕೊಂದ, ಯಾವಾಗ ಕೊಂದ ಎಂಬ ಪ್ರಶ್ನೆಗಳೇ ಇಲ್ಲ. ‘ಸೇರಿದ್ದ’ ಎಂದರೆ ಸಾಕು. ಇನ್ನೊಂದು ಸೋಜಿಗ: ‘ಠಗ್’ ಎಂದರೆ ಯಾರು ಎಂಬ ವಿವರಣೆ ಕಾಯ್ದೆಯಲ್ಲಿ ಇರಲಿಲ್ಲ. ಆ ಹೆಸರಿನ ಅರ್ಥ ಎಲ್ಲರಿಗೂ ಗೊತ್ತೇ ಇದೆ ಎಂದು ಭಾವಿಸಲಾಗಿತ್ತು. ಆ ಅರ್ಥವನ್ನು ಜನರ ಮನಸ್ಸಿನಲ್ಲಿ ತುಂಬುತ್ತಿದ್ದದ್ದು ಇಲಾಖೆಯ ವರದಿಗಳು. ಜೀವಾವಧಿ ಕೈದಿಗಳ ಹಣೆಯ ಮೇಲೆ ಅಪರಾಧದ ಹೆಸರನ್ನು ಹಚ್ಚೆ ಚುಚ್ಚುವ ‘ಗೋದ್ನಾ’ ಎಂಬ ಶಿಕ್ಷೆ ಆಗ ಜಾರಿಯಲ್ಲಿತ್ತು. 1849ರಲ್ಲಷ್ಟೇ ಅದನ್ನು ಕಾಯ್ದೆ ಮಾಡಿ ನಿಲ್ಲಿಸಿದರು. ನಾವು ಹಣೆಬರಹ ಎನ್ನುವುದು ದೇವರು ಬರೆದದ್ದನ್ನು. ಈ ಹಣೆಬರಹ ಬರೆದದ್ದು ಜೈಲಿನ ಸೂಜಿ.

ಸುರಪುರದ ಸಾಹೇಬ, ಗ್ಲಾಸ್ಗೊದ ನೂಲುವವರು

ಪದವನ್ನು ಇಂಗ್ಲೆಂಡಿನ ಮನೆಮನೆಗೆ ಮುಟ್ಟಿಸಿದ್ದು 1839ರಲ್ಲಿ ಬಂದ ‘ಕನ್‌ಫೆಷನ್ಸ್ ಆಫ್ ಎ ಥಗ್’ ಎಂಬ ಕಾದಂಬರಿ. ಬರೆದವನು ನಮ್ಮ ಯಾದಗಿರಿ ಜಿಲ್ಲೆಯವರಿಗೆ ಚೆನ್ನಾಗಿ ಗೊತ್ತಿರುವ ಮೀಡೋಸ್ ಟೇಲರ್. ಹೈದರಾಬಾದ್ ನಿಜಾಮರ ಸೇವೆಯಲ್ಲಿದ್ದ ಟೇಲರ್ ಮುಂದೆ 1841ರಿಂದ ಸುಮಾರು ಹನ್ನೆರಡು ವರ್ಷ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ. ಬಾಲಕ ರಾಜ ವೆಂಕಟಪ್ಪ ನಾಯಕನನ್ನು ಅಕ್ಕರೆಯಿಂದ ಬೆಳೆಸಿದ. ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಅವನ ಹೆಸರನ್ನು ಉಳಿಸಿದೆ.

ಅವನ ಕಾದಂಬರಿಯ ನಾಯಕ ಅಮೀರ್ ಅಲಿ. ಎಳೆಯ ವಯಸ್ಸಿನಲ್ಲಿ ತಂದೆ ತಾಯಿ ಠಗ್ಗರ ಕೈಯಲ್ಲಿ ಸಾಯುತ್ತಾರೆ, ಠಗ್ಗನೊಬ್ಬ ಮಗುವನ್ನು ಸಾಕುತ್ತಾನೆ. ಮಾಫಿಸಾಕ್ಷಿಯಾದ ಅಮೀರ್ ಅಲಿ ತನ್ನ ಕೊಲೆಗಳನ್ನೆಲ್ಲ ಬಿಳಿಯ ಸಾಹೇಬನ ಮುಂದೆ ಸಾವಧಾನವಾಗಿ, ಪಶ್ಚಾತ್ತಾಪವಿಲ್ಲದೆ ಹೇಳುತ್ತಾ ಹೋಗುತ್ತಾನೆ. ಅವನು ನಯವಂತ, ಸುಂದರ, ಮಾತುಗಾರ. ಓದಿದವರಲ್ಲಿ ವಿಕ್ಟೋರಿಯಾ ರಾಣಿಯೂ ಒಬ್ಬಳು. ಟೇಲರನ ಪಾತ್ರದಲ್ಲಿ ಠಕ್ಕನ ಹಳೆಯ ಗುಣ, ಅಂದರೆ ಸವಿಮಾತಿನ ಮೋಸ, ಇನ್ನೂ ಉಳಿದಿತ್ತು. ಓದುಗರ ಮನಸ್ಸಿನಲ್ಲಿ ನಿಂತದ್ದು ಮಾತ್ರ ಪಶ್ಚಾತ್ತಾಪವಿಲ್ಲದ ಕೊಲೆ. ಠಕ್ಕ ಸತ್ತು ‘ಥಗ್’ ಹುಟ್ಟಿದ್ದು ಹೀಗೆ.

ಅದೇ 1839ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಆ ಕಾಲದ ದೊಡ್ಡ ಲೇಖಕ ಥಾಮಸ್ ಕಾರ್ಲೈಲ್ ‘ಚಾರ್ಟಿಸಂ’ ಎಂಬ ತನ್ನ ಪುಸ್ತಕದಲ್ಲಿ ಈ ಪದವನ್ನು ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರಕ್ಕೆ ಅಂಟಿಸಿದ. ಅಲ್ಲಿನ ಹತ್ತಿ ಗಿರಣಿಗಳ ನೂಲುವ ಕಾರ್ಮಿಕರು 1837ರಲ್ಲಿ ಕೂಲಿ ಕಡಿತದ ವಿರುದ್ಧ ಮುಷ್ಕರ ಹೂಡಿದ್ದರು. ಮುಷ್ಕರ ಮುರಿದು ಕೆಲಸಕ್ಕೆ ಹೋದವನೊಬ್ಬನನ್ನು ಯಾರೋ ಗುಂಡಿಕ್ಕಿ ಕೊಂದರು. ಸಂಘದ ಐವರು ಮುಖಂಡರ ಮೇಲೆ ಮೊಕದ್ದಮೆ ನಡೆಯಿತು. ಕೊಲೆಯ ಆರೋಪ ಸಾಬೀತಾಗಲಿಲ್ಲ. ಆದರೂ ಇತರ ಆರೋಪಗಳ ಮೇಲೆ ಏಳು ವರ್ಷದ ಗಡಿಪಾರು ಶಿಕ್ಷೆಯಾಯಿತು. ನರ್ಮದೆಯ ದಂಡೆಯ ದರೋಡೆಕೋರರ ಹೆಸರು ಗ್ಲಾಸ್ಗೊದ ನೂಲುವವರ ಹೆಗಲೇರಿತು. ಇಂಗ್ಲಿಷಿನಲ್ಲಿ ಈ ಪದಕ್ಕೆ ಬಂದ ಹೊಸ ಅರ್ಥದ ಮೊದಲ ಬಲಿಗಳಲ್ಲಿ ಕೂಲಿಗಾಗಿ ಸಂಘ ಕಟ್ಟಿದವರೇ ಇದ್ದರು ಎಂಬುದನ್ನು ನೆನಪಿಡಬೇಕು.

ಗುಂಪಿನಿಂದ ಜಾತಿಗೆ

ಸೇರಿದ್ದಕ್ಕೇ ಶಿಕ್ಷೆ ಎಂಬ ತತ್ವ ಒಮ್ಮೆ ಕಾನೂನಿನೊಳಗೆ ಕಾಲಿಟ್ಟ ಮೇಲೆ ಅಲ್ಲೇ ನಿಲ್ಲಲಿಲ್ಲ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಗೆ ಕೊಟ್ಟ ಸಮರ್ಥನೆ ಸರಳವಾಗಿತ್ತು. ಈ ದೇಶದಲ್ಲಿ ಬಡಗಿಯ ಮಗ ಬಡಗಿ, ನೇಕಾರನ ಮಗ ನೇಕಾರ, ಹಾಗೆಯೇ ಕಳ್ಳನ ಮಗ ಕಳ್ಳ. ಠಗ್ಗರ ಬಗ್ಗೆ ಬರೆದಿಟ್ಟ ಕಥೆಯೇ ಈ ವಾದಕ್ಕೆ ತಳಪಾಯ. ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಘೋಷಿಸಲಾಯಿತು. ಕಾಯ್ದೆ ಕ್ರಮೇಣ ದಕ್ಷಿಣಕ್ಕೂ ಬಂತು. ಅಂದು ಮುಂಬಯಿ ಪ್ರಾಂತ್ಯದಲ್ಲಿದ್ದ ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ‘ಸೆಟ್ಲಮೆಂಟು’ಗಳು ಎದ್ದವು. ಹಾಜರಿ ಕೊಡಬೇಕು, ಹೊರಗೆ ಹೋಗಲು ಚೀಟಿ ಬೇಕು, ಗಿರಣಿಯಲ್ಲಿ ದುಡಿಯಬೇಕು. ಹುಬ್ಬಳ್ಳಿಯಲ್ಲಿ ‘ಸೆಟ್ಲಮೆಂಟ್’ ಎಂಬುದು ಊರಿನ ಒಂದು ಭಾಗದ ಹೆಸರಾಗಿಯೇ ಉಳಿಯಿತು. ನಮ್ಮ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ‘ಗಂಟಿಚೋರ್’ ಎಂಬ ಹೆಸರಿದೆ. ‘ಚೋರ್’ ಎಂಬುದನ್ನು ಹೆಸರಿನಲ್ಲೇ ಹೊತ್ತುಕೊಂಡು ಒಂದು ಮಗು ಶಾಲೆಯ ಹಾಜರಿ ಪುಸ್ತಕ ಸೇರಬೇಕಾದ ಸ್ಥಿತಿ ಇದು. ಸ್ವತಂತ್ರ ಭಾರತ 1952ರಲ್ಲಿ ಈ ಕಾಯ್ದೆಯನ್ನು ರದ್ದು ಮಾಡಿತು. ‘ಅಪರಾಧಿ’ಗಳು ‘ವಿಮುಕ್ತ’ರಾದರು. ಪೊಲೀಸ್ ಠಾಣೆಗಳ ನೆನಪು ಮಾತ್ರ ಅಷ್ಟು ಸುಲಭವಾಗಿ ವಿಮುಕ್ತವಾಗಲಿಲ್ಲ.

ಸ್ಲೀಮನ್ ಕಟ್ಟಿದ ಠಗ್ಗಿ ಮತ್ತು ಡಕಾಯಿತಿ ಇಲಾಖೆ 1904ರಲ್ಲಿ ಕೇಂದ್ರದ ಗುಪ್ತಚರ ಇಲಾಖೆಯಾಗಿ ರೂಪ ಬದಲಿಸಿತು. 1860ರ ಭಾರತೀಯ ದಂಡ ಸಂಹಿತೆಯಲ್ಲಿ ‘ಥಗ್’ಗೆ ಎರಡು ಕಲಮುಗಳು ಮೀಸಲಾದವು, 310 ಮತ್ತು 311. ಕೊಲೆ ಮಾಡಿ ದರೋಡೆ ಅಥವಾ ಮಕ್ಕಳ ಕಳವು ನಡೆಸುವುದಕ್ಕೆಂದು ಇತರರೊಂದಿಗೆ ರೂಢಿಯಾಗಿ ಕೂಡಿಕೊಂಡವನು ಥಗ್, ಅವನಿಗೆ ಜೀವಾವಧಿ. ಇಲ್ಲಿ ಕನಿಷ್ಠ ಪಕ್ಷ ಒಂದು ವಿವರಣೆಯಾದರೂ ಇತ್ತು. ಕುಲ, ದೇವತೆಗಳ ಮಾತು ಇರಲಿಲ್ಲ.

ಹಣೆಯಿಂದ ಹೊಟ್ಟೆಗೆ

ಇಪ್ಪತ್ತನೇ ಶತಮಾನದಲ್ಲಿ ಹಾಲಿವುಡ್ ಈ ಪದಕ್ಕೆ ಮತ್ತಷ್ಟು ಬಣ್ಣ ಬಳಿಯಿತು. 1984ರ ‘ಇಂಡಿಯಾನಾ ಜೋನ್ಸ್ ಅಂಡ್ ದಿ ಟೆಂಪಲ್ ಆಫ್ ಡೂಮ್’ ಚಿತ್ರದಲ್ಲಿ ಥಗ್ಗರು ಬದುಕಿರುವ ಮನುಷ್ಯನ ಎದೆಯಿಂದ ಗುಂಡಿಗೆ ಕೀಳುತ್ತಾರೆ. ಅದಾದ ಮೇಲೆ ಅಮೆರಿಕದಲ್ಲಿ ಪದದ ಗುರಿ ಬದಲಾಯಿತು. ಕಪ್ಪು ಯುವಕರಿಗೆ ಅದು ಅಂಟಿಕೊಂಡಿತು. ರ‍್ಯಾಪ್ ಗಾಯಕ ಟೂಪಾಕ್ ಶಕೂರ್ ಅದೇ ಪದವನ್ನು ಎತ್ತಿಕೊಂಡು ‘ಥಗ್ ಲೈಫ್’ ಎಂದು ತನ್ನ ಹೊಟ್ಟೆಯ ಮೇಲೆ ಹಚ್ಚೆ ಹಾಕಿಸಿಕೊಂಡ. 1994ರಲ್ಲಿ ಅದೇ ಹೆಸರಿನ ತಂಡದ ಧ್ವನಿಮುದ್ರಿಕೆ ಬಂತು. ಕಂಪನಿಯ ಜೈಲಿನಲ್ಲಿ ಹಣೆಯ ಮೇಲೆ ಬಲವಂತವಾಗಿ ಚುಚ್ಚುತ್ತಿದ್ದ ಅಪರಾಧದ ಹೆಸರನ್ನು ಒಬ್ಬ ಕಪ್ಪು ಹುಡುಗ ಸವಾಲಿನಂತೆ ತಾನೇ ಚುಚ್ಚಿಸಿಕೊಂಡ. ಬೈಗುಳವನ್ನೇ ಕಿತ್ತುಕೊಂಡು ಬಾವುಟ ಮಾಡುವ ಪ್ರಯತ್ನವದು.

ಆದರೆ ಬೈಗುಳ ಬೈಗುಳವಾಗಿಯೂ ಉಳಿಯಿತು. ಈ ಪದ ಈಗ ಕಪ್ಪು ಜನರನ್ನು ಹೀಗಳೆಯುವ ಹಳೆಯ ಪದಕ್ಕೆ ಒಪ್ಪಿತ ಬದಲಿಯಾಗಿಬಿಟ್ಟಿದೆ ಎಂದು 2014ರಲ್ಲಿ ಆಟಗಾರ ರಿಚರ್ಡ್ ಶರ್ಮನ್ ನೊಂದು ಹೇಳಿದರು. 2015ರಲ್ಲಿ ಬಾಲ್ಟಿಮೋರ್ ನಗರದಲ್ಲಿ ಪೊಲೀಸ್ ವಶದಲ್ಲಿದ್ದಾಗ ಗಾಯಗೊಂಡ ಫ್ರೆಡ್ಡಿ ಗ್ರೇ ಸತ್ತು ಗಲಭೆಯಾದಾಗ ಅಧ್ಯಕ್ಷ ಬರಾಕ್ ಒಬಾಮಾ ಅವರೂ ಗಲಭೆಕೋರರಿಗೆ ಇದೇ ಪದ ಬಳಸಿದರು. 2020ರಲ್ಲಿ ಜಾರ್ಜ್ ಫ್ಲಾಯ್ಡ್ ಹತ್ಯೆಯ ನಂತರ ಬೀದಿಗಿಳಿದವರನ್ನು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಟ್ವಿಟರಿನಲ್ಲಿ ಹೀಗೇ ಕರೆದರು. ಫ್ಲಾಯ್ಡ್‌ನ ಕುತ್ತಿಗೆಯ ಮೇಲೆ ಒಂಬತ್ತು ನಿಮಿಷಕ್ಕೂ ಹೆಚ್ಚು ಮಂಡಿಯೂರಿ ಉಸಿರು ನಿಲ್ಲಿಸಿದವನು ಸಮವಸ್ತ್ರದ ಪೊಲೀಸ. ಕುತ್ತಿಗೆ ಹಿಸುಕಿದವನಿಗಾಗಿ ಹುಟ್ಟಿದ ಪದ, ಹಿಸುಕಬೇಡಿ ಎಂದು ಕೂಗಿದವರ ಪಾಲಾಯಿತು.

ಪದ ಹೋಯಿತು, ತತ್ವ ಉಳಿಯಿತು

ನಮ್ಮ ದೇಶದ ಕಾನೂನಿನಿಂದ ‘ಥಗ್’ ಈಗ ಮಾಯವಾಗಿದೆ. 2024ರ ಜುಲೈ 1ರಂದು ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಾಗ ಆ ಎರಡು ಕಲಮುಗಳನ್ನು ಕೈಬಿಡಲಾಯಿತು. ವಸಾಹತುಶಾಹಿಯ ಕುರುಹುಗಳನ್ನು ಅಳಿಸುತ್ತಿದ್ದೇವೆ ಎಂದು ಸರಕಾರ ಹೇಳಿತು. ಅಳಿಸಿದ್ದು ಪದವನ್ನು. ತತ್ವವನ್ನೂ ಅಳಿಸಲಾಯಿತೇ?

1985ರಿಂದ 1995ರವರೆಗೆ ಇದ್ದ ಟಾಡಾ ಕಾಯ್ದೆಯಲ್ಲಿ ಭಯೋತ್ಪಾದಕ ಗುಂಪಿನ ಸದಸ್ಯನಾಗಿರುವುದಕ್ಕೇ ಶಿಕ್ಷೆಯನ್ನು ತಿದ್ದುಪಡಿಯ ಮೂಲಕ ತರಲಾಯಿತು. ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯೂ ಅಲ್ಲಿ ಸಾಕ್ಷ್ಯವಾಗುತ್ತಿತ್ತು. ಆ ಕಾಯ್ದೆಯಡಿ ವರ್ಷಗಟ್ಟಲೆ ಕೊಳೆತು ಕೊನೆಗೆ ನಿರ್ದೋಷಿಗಳೆಂದು ಹೊರಬಂದವರ ಕಥೆಗಳು ಈ ಪತ್ರಿಕೆಯ ಓದುಗರಿಗೆ ಹೊಸದಲ್ಲ. ಬರೀ ಸದಸ್ಯತ್ವ ಅಪರಾಧವಲ್ಲ, ಹಿಂಸೆಯಲ್ಲಿ ಪಾಲ್ಗೊಂಡಿರಬೇಕು ಅಥವಾ ಅದಕ್ಕೆ ಪ್ರಚೋದಿಸಿರಬೇಕು ಎಂದು 2011ರಲ್ಲಿ ಅರೂಪ್ ಭುಯಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದಾಗ ಒಂದು ಕಿಟಕಿ ತೆರೆದಂತಾಗಿತ್ತು. 2023ರ ಮಾರ್ಚಿನಲ್ಲಿ ಅದೇ ನ್ಯಾಯಾಲಯದ ಮೂವರ ಪೀಠ ಆ ಕಿಟಕಿ ಮುಚ್ಚಿತು. ನಿಷೇಧಿತ ಸಂಘಟನೆಯ ಸದಸ್ಯನಾಗಿದ್ದರೆ ಯುಎಪಿಎ ಅಡಿ ಅಷ್ಟೇ ಸಾಕು ಎಂದಾಯಿತು. ‘ಥಗ್’ನನ್ನು ಕೈಬಿಟ್ಟ ನ್ಯಾಯ ಸಂಹಿತೆಯಲ್ಲೂ ಸಂಘಟಿತ ಅಪರಾಧ ಕೂಟದ ಸದಸ್ಯನಾಗಿರುವುದಕ್ಕೆ ಐದು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆಯಿದೆ. ನಮ್ಮ ರಾಜ್ಯದ 1985ರ ಗೂಂಡಾ ಕಾಯ್ದೆಯಡಿ ಒಬ್ಬನನ್ನು ವಿಚಾರಣೆಯಿಲ್ಲದೆ ಒಂದು ವರ್ಷದವರೆಗೆ ಒಳಗಿಡಬಹುದು.

ಅಪರಾಧಿಗಳನ್ನು ಹಿಡಿಯಬಾರದು, ಗುಂಪು ಕಟ್ಟಿ ಕೊಲ್ಲುವವರನ್ನು ಸುಮ್ಮನೆ ಬಿಡಬೇಕು ಎಂದು ಇಲ್ಲಿ ಯಾರೂ ವಾದಿಸುತ್ತಿಲ್ಲ. ಇಟಾವಾದ ಬಾವಿಯಲ್ಲಿ ಸಿಕ್ಕ ಹೆಣಗಳಿಗೂ ನ್ಯಾಯ ಬೇಕಿತ್ತು. ಆದರೆ ನ್ಯಾಯ ಕೇಳಬೇಕಾದ ಮೊದಲ ಪ್ರಶ್ನೆ ‘ಇವನು ಏನು ಮಾಡಿದ?’ ಎಂಬುದು. 1836ರಲ್ಲಿ ಆ ಪ್ರಶ್ನೆಯ ಜಾಗಕ್ಕೆ ‘ಇವನು ಯಾರ ಕಡೆಯವನು?’ ಎಂಬುದು ಬಂದು ಕೂತಿತು. ಮುಂದೆ ಇರುವವನು ಕರುಣೆಯಿಲ್ಲದ ಪಶು ಎಂದು ಒಂದು ಪದ ಮೊದಲೇ ತೀರ್ಮಾನಿಸಿಬಿಟ್ಟರೆ ಅವನ ಮೇಲೆ ಕರುಣೆ ತೋರಿಸಬೇಕಾದ ಹೊಣೆ ಯಾರಿಗೂ ಉಳಿಯುವುದಿಲ್ಲ. ಸಾಕ್ಷಿ ಸಾಲದು ಎಂದವನನ್ನೇ ಅವರ ಪಕ್ಷಪಾತಿ ಎನ್ನಲಾಗುತ್ತದೆ. ಕಂಪನಿಯ ನ್ಯಾಯಾಲಯದಲ್ಲಿ ಖಾಝಿಗೆ ಆದದ್ದೂ ಅದೇ, ಇಂದು ಇಂಥ ಮೊಕದ್ದಮೆಗಳಲ್ಲಿ ಆರೋಪಿಯ ಪರ ನಿಲ್ಲುವ ವಕೀಲರು ಕೇಳಿಸಿಕೊಳ್ಳುವುದೂ ಅದೇ.

ನಾಳೆ ಬೆಳಿಗ್ಗೆ ಪತ್ರಿಕೆಯಲ್ಲಿ ಯಾರದೋ ಫೋಟೋದ ಕೆಳಗೆ ಇಂಥದೊಂದು ಪದ ಅಚ್ಚಾಗಿರುತ್ತದೆ. ಆ ಪದ ಇಂಗ್ಲಿಷಿನದಿರಬಹುದು, ಕನ್ನಡದ್ದೇ ಇರಬಹುದು. ಅದನ್ನು ನಂಬುವ ಮೊದಲು ಸುದ್ದಿಯ ಕೊನೆಯವರೆಗೂ ಓದಿ, ಅವನು ಮಾಡಿದನೆಂದು ಹೇಳಲಾದ ಕೆಲಸ ಯಾವುದು, ಅದನ್ನು ಕಂಡವರು ಯಾರು ಎಂದು ಹುಡುಕಿ ನೋಡಿ. ಎಷ್ಟೋ ಸಲ ಅಲ್ಲಿ ಹೆಸರು ಮಾತ್ರ ಇರುತ್ತದೆ.